ಮಾತು ನಿಂತ ಮೇಲೆ ನಮ್ಮ ಪರವಾಗಿ ಮಾತಾಡುವವರು ಯಾರು

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸಮೀಪದಲ್ಲಿರುವ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಒಬ್ಬ ಅವರ ಕೊರಳಿಗೆ ನಾಯಿಯ ಸರಪಳಿ ಬಿಗಿದು ಹಲ್ಲೆ ಮಾಡಿದ. ಮೆದುಳಿಗೆ ಆಮ್ಲಜನಕ ತಲುಪದೆ ಹಾನಿಯಾಗಿ, ಇಪ್ಪತ್ತೈದರ ಆ ಹುಡುಗಿ ಮತ್ತೆ ಯಾರನ್ನೂ ಗುರುತಿಸದ, ಮಾತಾಡದ ಸ್ಥಿತಿಗೆ ಹೋದರು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಲವತ್ತು ವರ್ಷಗಳಿಗೂ ಮೀರಿ, ಅದೇ ಆಸ್ಪತ್ರೆಯ ನರ್ಸುಗಳು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹೊಣೆಯನ್ನು ದಾಟಿಸುತ್ತಾ ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ದಾಖಲಾಗಿದೆ. ಹಾಸಿಗೆ ಹಿಡಿದವರ ಆರೈಕೆ ಮಾಡಿದವರಿಗೆ ಆ ಒಂದು ವಾಕ್ಯದ ಹಿಂದೆ ಎಷ್ಟು ಕೆಲಸವಿದೆ ಎಂಬುದು ಗೊತ್ತಿರುತ್ತದೆ.

2011ರ ಮಾರ್ಚ್ 7ರ ಆ ತೀರ್ಪನ್ನು ನಾವು ಸಾಮಾನ್ಯವಾಗಿ ದಯಾಮರಣದ ತೀರ್ಪು ಎಂದು ನೆನೆಯುತ್ತೇವೆ. ನನಗೆ ಅದರಲ್ಲಿ ಹೆಚ್ಚು ಕಾಡುವ ಭಾಗ ಬೇರೆ. ಅರುಣಾ ಅವರ ಹೆಸರಿನಲ್ಲಿ ನ್ಯಾಯಾಲಯದ ಮುಂದೆ ನಿಲ್ಲುವ ಅರ್ಹತೆ ಯಾರಿಗಿದೆ ಎಂಬುದೇ ಅಲ್ಲಿ ಒಂದು ದೊಡ್ಡ ಪ್ರಶ್ನೆಯಾಗಿತ್ತು. ಒಂದು ಕಡೆ, ಈ ಬದುಕನ್ನು ಹೀಗೆಯೇ ಮುಂದುವರಿಸುವುದು ಕ್ರೌರ್ಯ ಎಂದು ಅರ್ಜಿ ಹಾಕಿದ್ದ ಪತ್ರಕರ್ತೆ ಪಿಂಕಿ ವಿರಾನಿ. ಇನ್ನೊಂದು ಕಡೆ, ನಮ್ಮ ಅರುಣಾಳನ್ನು ನಾವು ನೋಡಿಕೊಳ್ಳುತ್ತೇವೆ ಎಂದ ಆಸ್ಪತ್ರೆಯ ಸಿಬ್ಬಂದಿ. ನ್ಯಾಯಾಲಯ ಸಿಬ್ಬಂದಿಯ ಮಾತಿಗೆ ಮನ್ನಣೆ ಕೊಟ್ಟಿತು. ಎರಡೂ ಕಡೆಯವರಲ್ಲಿ ಪ್ರೀತಿಯಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅರುಣಾ ಸ್ವತಃ ಏನು ಬಯಸುತ್ತಿದ್ದರು ಎಂಬುದನ್ನು ಹೇಳಬಲ್ಲವರು ಆ ಸಭಾಂಗಣದಲ್ಲಿ ಒಬ್ಬರೂ ಇರಲಿಲ್ಲ, ಮದುವೆಯ ಹೊಸ್ತಿಲಲ್ಲಿದ್ದ ಆ ವಯಸ್ಸಿನ ಹುಡುಗಿ ಅದನ್ನು ಯಾರಿಗಾದರೂ ಹೇಳಿಟ್ಟಿರುವ ಸಂಭವವೂ ಇರಲಿಲ್ಲ.

ಎಪ್ಪತ್ತರ ಹತ್ತಿರ ಬಂದ ನನ್ನಂಥವರಿಗೆ ಆ ವಿನಾಯಿತಿ ಇಲ್ಲ. ನಮ್ಮ ಮನೆಗಳಲ್ಲಿ ಸಾವಿನ ನಂತರದ ವ್ಯವಸ್ಥೆ ಚೆನ್ನಾಗಿಯೇ ಇರುತ್ತದೆ: ಆಸ್ತಿ ಯಾರಿಗೆ, ಕೊಳ್ಳಿ ಇಡುವವರು ಯಾರು, ವೈಕುಂಠ ಸಮಾರಾಧನೆಗೆ ಯಾವ ಅಡುಗೆಯವರು ಎಂಬುದನ್ನೆಲ್ಲ ಹಿರಿಯರು ತಾವೇ ಹೇಳಿ ಹೋಗುತ್ತಾರೆ. ಓಡಾಡಿಕೊಂಡಿರುವ ದಿನಕ್ಕೂ ಕೊನೆಯ ಉಸಿರಿಗೂ ನಡುವೆ ಬರುವ ಕಾಲದ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ‘ಅನಾಯಾಸೇನ ಮರಣಂ’ ಎಂದು ದಿನವೂ ದೇವರ ಮುಂದೆ ಹೇಳಿಕೊಳ್ಳುವ ನಾವು, ಆ ಪ್ರಾರ್ಥನೆ ಫಲಿಸದಿದ್ದರೆ ಏನು ಮಾಡಬೇಕು ಎಂಬುದನ್ನು ಮಕ್ಕಳ ಮುಂದೆ ಹೇಳಿಕೊಳ್ಳುವುದಿಲ್ಲ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇವೆಲ್ಲ ಆ ನಡುವಿನ ಕಾಲವನ್ನು ತಿಂಗಳುಗಳಿಂದ ವರ್ಷಗಳಿಗೆ ಎಳೆಯುತ್ತವೆ. ಯೋಜನೆ ಬೇಕಿರುವುದು ಆ ವರ್ಷಗಳಿಗೆ ಎಂಬುದು ನನ್ನ ಅಭಿಪ್ರಾಯ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಮಾತು ನನಗೆ ಮೊದಲು ಹೊಳೆದದ್ದು ಆಸ್ಪತ್ರೆಯಲ್ಲಿ ಅಲ್ಲ, ಕೌಂಟರಿನ ಹಿಂದೆ. ತಂದೆಯ ಪಾಸ್‌ಬುಕ್ ಹಿಡಿದು ಬರುವ ಮಗ, ಅಪ್ಪನಿಗೆ ಕೈ ನಡುಗುತ್ತದೆ, ಸಹಿ ಹೊಂದುತ್ತಿಲ್ಲ, ಔಷಧಿಗೆ ಹಣ ಬೇಕು ಎನ್ನುತ್ತಾನೆ. ಶರೀರ ಮಾತ್ರ ಸೋತಿದ್ದರೆ ದಾರಿ ಇದೆ. ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ತೆಗೆದುಕೊಳ್ಳಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕೆಂಬ ಸೂಚನೆಯೂ 2017ರಿಂದ ಇದೆ, ಕೇಳಿದರೆ ಸಿಗುತ್ತದೆ, ಕೇಳುವವರು ಕಡಿಮೆ. ಆದರೆ ಅಪ್ಪನಿಗೆ ಮರೆವಿನ ಕಾಯಿಲೆ, ಯಾವ ಕಾಗದ ಎಂದೇ ತಿಳಿಯುವುದಿಲ್ಲ ಎಂದು ಮಗ ಪ್ರಾಮಾಣಿಕವಾಗಿ ಹೇಳಿದರೆ ಅಧಿಕಾರಿಯ ಕೈ ಕಟ್ಟಿಹೋಗುತ್ತದೆ. ತಿಳಿವಿಲ್ಲದವರ ಹೆಬ್ಬೆಟ್ಟಿಗೆ ಬೆಲೆಯಿಲ್ಲ, ಒತ್ತಿಸಿಕೊಂಡವನಿಗೆ ಹೊಣೆಯಿದೆ. ಸುಳ್ಳು ಹೇಳಿದವನಿಗೆ ಹಣ ಸಿಕ್ಕಿ, ನಿಜ ಹೇಳಿದವನು ಬರಿಗೈಯಲ್ಲಿ ಹೋಗುವ ಈ ಸ್ಥಿತಿಯನ್ನು ನೋಡಿ ನಾನು ಬೇಸತ್ತಿದ್ದೆ.

ಅನೇಕರು ಇದಕ್ಕೆ ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ, ಮಾಡಿಸಿಟ್ಟರೆ ಸಾಕು ಎಂದುಕೊಂಡಿರುತ್ತಾರೆ. ಇಲ್ಲಿಯೇ ದೊಡ್ಡ ತೊಡಕು ಇರುವುದು. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೇ ಮುಗಿದುಹೋಗುತ್ತದೆ. ಅಂದರೆ ಯಾವ ದಿನಕ್ಕೆಂದು ಮಾಡಿಸಿಟ್ಟೆವೋ ಆ ದಿನವೇ ಅದು ಕೈಕೊಡುತ್ತದೆ. ಬೇರೆ ಕೆಲವು ದೇಶಗಳಲ್ಲಿ ಬುದ್ಧಿ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರ ಪತ್ರಗಳಿವೆ, ನಮ್ಮಲ್ಲಿ ಇಲ್ಲ. ಹೀಗಾಗಿ ಆಸ್ತಿ ಮಾರಬೇಕಾದ ಇಲ್ಲವೇ ದೊಡ್ಡ ಠೇವಣಿ ಮುರಿಯಬೇಕಾದ ಕುಟುಂಬಗಳು ಬಹುಪಾಲು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿಕೊಂಡು ಪಾಲಕರಾಗಿ ನೇಮಿಸಿ ಎಂದು ಕೇಳಬೇಕಾಗುತ್ತದೆ. ಇದನ್ನು ತಪ್ಪಿಸಲು ಸಾಮಾನ್ಯ ಮನೆಯವರು ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸಗಳು. ದಿನದ ಖರ್ಚಿನ ಖಾತೆಯನ್ನು ನಂಬಿಕಸ್ಥರೊಬ್ಬರ ಜೊತೆ ‘ಐದರ್ ಆರ್ ಸರ್ವೈವರ್’, ಅಂದರೆ ಇಬ್ಬರಲ್ಲಿ ಯಾರೊಬ್ಬರಾದರೂ ಇಲ್ಲವೇ ಉಳಿದವರು ನಡೆಸಬಹುದಾದ ಜಂಟಿ ಖಾತೆ, ಮಾಡಿಡುವುದು ಮೊದಲನೆಯದು. ಠೇವಣಿಗಳೂ ಹಾಗೆಯೇ ಜಂಟಿಯಾಗಿರಲಿ, ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಐದರ್ ಆರ್ ಸರ್ವೈವರ್ ಠೇವಣಿಯನ್ನು ಅವಧಿಗೆ ಮುಂಚೆ ಮುರಿಯಲು, ಇಬ್ಬರೂ ಬದುಕಿರುವಾಗ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಒಬ್ಬರೇ ಮುರಿಯಬಹುದು ಎಂಬ ಒಪ್ಪಿಗೆಯನ್ನು ಮೊದಲೇ ಬರೆದುಕೊಟ್ಟಿರಬೇಕು, ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನಾಮಿನಿಯ ಹೆಸರು ಬರೆಸಿದ್ದೇವಲ್ಲ ಎಂಬ ಸಮಾಧಾನವೂ ಇಲ್ಲಿ ಕೆಲಸಕ್ಕೆ ಬಾರದು, ನಾಮಿನಿಯ ಪಾತ್ರ ಶುರುವಾಗುವುದು ಖಾತೆದಾರ ಸತ್ತ ಮೇಲೆ.

ಇನ್ನು ನೋಡಿಕೊಳ್ಳುತ್ತಾರೆಂಬ ಭರವಸೆಯಲ್ಲಿ ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವವರಿಗೆ ಒಂದು ಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ನ್ಯಾಯಮಂಡಳಿಯಿಂದ ರದ್ದು ಮಾಡಿಸಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳೇ ಆ ಮಂಡಳಿಯ ಮುಖ್ಯಸ್ಥರು. ಷರತ್ತು ಇತ್ತೇ ಇಲ್ಲವೇ ಎಂಬ ವಾದದಲ್ಲಿಯೇ ಎಷ್ಟೋ ಪ್ರಕರಣಗಳು ಸಿಕ್ಕಿಕೊಳ್ಳುವುದರಿಂದ, ಸಂಕೋಚ ಬಿಟ್ಟು ಅದನ್ನು ಪತ್ರದಲ್ಲಿಯೇ ಬರೆಸಬೇಕು. ಮಗನೆದುರು ಹಾಗೆ ಬರೆಸುವುದು ಹೇಗೆ ಎಂದು ಮುಜುಗರಪಡುವವರು ದಾನಪತ್ರದ ಬದಲು ವಿಲ್ ಬರೆದಿಡುವುದು ಮೇಲು.

ಹಣದ ಮಾತು ಹೇಗೋ ಮುಗಿಯುತ್ತದೆ. ಮುಗಿಯದಿರುವುದು ಆರೈಕೆಯ ಮಾತು. ಮಗ್ಗುಲಾಗಲಾರದ ಒಬ್ಬರನ್ನು ಎರಡೆರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ನುಂಗುವುದು ಕಷ್ಟವಾದವರಿಗೆ ಎಬ್ಬಿಸಿ ಕೂರಿಸಿ ಚಮಚ ಚಮಚವಾಗಿ ಗಂಜಿ ಕುಡಿಸಬೇಕು, ಅವಸರ ಮಾಡಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಏರ್ ಬೆಡ್, ಡೈಪರ್, ಮೂತ್ರದ ನಳಿಕೆ, ರಾತ್ರಿಯ ಎಚ್ಚರ ಇವೆಲ್ಲವನ್ನೂ ನಮ್ಮ ಮನೆಗಳಲ್ಲಿ ಯಾರು ಹೊರುತ್ತಾರೆ ಎಂಬುದಕ್ಕೆ ಸಮೀಕ್ಷೆ ಬೇಕಿಲ್ಲ: ಹೆಂಡತಿ, ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಕುಟುಂಬ ನೋಡಿಕೊಳ್ಳುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳುವ ವಾಕ್ಯದಲ್ಲಿ ಕುಟುಂಬ ಎಂದರೆ ಸಾಮಾನ್ಯವಾಗಿ ಒಬ್ಬ ಹೆಂಗಸು, ಅವಳನ್ನು ಯಾರೂ ಕೇಳಿರುವುದಿಲ್ಲ. ಹೋಮ್ ನರ್ಸ್ ಇಟ್ಟುಕೊಳ್ಳಬಹುದು, ಆದರೆ ನಾವು ವರ್ಷ ವರ್ಷ ಕಂತು ಕಟ್ಟುವ ಆರೋಗ್ಯ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಖರ್ಚಿಗೆ ಇರುವಂಥದ್ದು, ತಿಂಗಳ ಸಂಬಳದ ಹೋಮ್ ನರ್ಸಿಗಲ್ಲ. ಹೀಗಾಗಿ ಮನೆಯ ಆರೈಕೆಗೆಂದೇ ಬೇರೆ ಹಣ ಎತ್ತಿಡಬೇಕು. ಮರೆವಿನ ಕಾಯಿಲೆಯಾದರೆ ನಿಮ್ಹಾನ್ಸ್‌ನ ಹೊರರೋಗಿ ವಿಭಾಗವಿದೆ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳ ಆರೈಕೆ ಕೇಂದ್ರಗಳಿವೆ, ದಾರಿ ತೋಚದಾಗ ಕರೆ ಮಾಡಲು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಜಿಲ್ಲಾ ಕೇಂದ್ರದಿಂದ ಆಚೆಗೆ ಹೋದಂತೆ ಈ ಪಟ್ಟಿ ಬೇಗ ಬರಿದಾಗುತ್ತದೆ.

ನೋವು ಶಮನದ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಎಂಬುದನ್ನು ನಮ್ಮವರು ಕೈಚೆಲ್ಲಿದ ಮೇಲಿನ ಕೊನೆಯ ನಿಲ್ದಾಣ ಎಂದು ತಿಳಿದಿರುವುದು ನನ್ನನ್ನು ಕೆರಳಿಸುವ ಸಂಗತಿಗಳಲ್ಲಿ ಒಂದು. ಅದು ಚಿಕಿತ್ಸೆಯ ಜೊತೆಜೊತೆಗೇ ಶುರುವಾಗಬಹುದಾದ, ಆಗಬೇಕಾದ ಆರೈಕೆ: ನೋವು, ಉಬ್ಬಸ, ವಾಕರಿಕೆ, ನಿದ್ದೆಗೇಡು, ಭಯ ಇವುಗಳಿಗೆ ಮದ್ದು. ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾ ಬಂದಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಅದನ್ನು ನಡೆಸುತ್ತದೆ. ಪಕ್ಕದ ಕೇರಳ 2008ರಲ್ಲಿಯೇ ಇದಕ್ಕೊಂದು ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸುಗಳು ಮನೆಗೇ ಬರುವ ವ್ಯವಸ್ಥೆ ಮಾಡಿತು. ಅಲ್ಲಿ ಊರಿನ ಸ್ವಯಂಸೇವಕರೇ ಈ ಕೆಲಸದ ಬೆನ್ನೆಲುಬು. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಔಷಧಿಗಾಗಿ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಕಳಿಸುವ ಈ ದೇಶದಲ್ಲಿ, 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ಪರವಾನಗಿಯನ್ನು ಸುಲಭ ಮಾಡಿತು. ಆದರೂ ಎಲ್ಲ ಆಸ್ಪತ್ರೆಗಳಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಹತ್ತಿರದಲ್ಲಿ ಮಾರ್ಫಿನ್ ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದನ್ನು ಅದು ಬೇಕಾಗುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಕೂಡ ಯೋಜನೆಯೇ.

ಈ ವಿಚಾರಣೆ ಮಾಡದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಾವೆಲ್ಲರೂ ನೆಂಟರಿಷ್ಟರಲ್ಲಿ ಕಂಡಿದ್ದೇವೆ. ಉಸಿರಾಟ ಏರುಪೇರಾದ ರಾತ್ರಿ ಆಂಬುಲೆನ್ಸ್ ಬರುತ್ತದೆ, ತುರ್ತು ನಿಗಾ ಘಟಕದಲ್ಲಿ ಗಂಟಲಿಗೆ ಕೊಳವೆ ಇಳಿಯುತ್ತದೆ, ದಿನದಿನದ ಬಿಲ್ಲು ಏರುತ್ತದೆ. ಹಾಸಿಗೆಯ ಪಕ್ಕದಲ್ಲಿದ್ದವರಿಗೆ ಸಾಕು ಅನ್ನಿಸಿರುತ್ತದೆ, ದೂರದಿಂದ ವಿಮಾನದಲ್ಲಿ ಬಂದಿಳಿದವರು ಎಲ್ಲವನ್ನೂ ಮಾಡಿ ಎಂದು ಪಟ್ಟು ಹಿಡಿಯುತ್ತಾರೆ. ಕೊನೆಗೆ ಹಣವೋ ಮನಸ್ಸೋ ಬತ್ತಿದಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ಸಹಿ ಹಾಕಿ ಮನೆಗೆ ಕರೆತರುತ್ತಾರೆ. ಹಾಗೆ ಬಂದ ರೋಗಿಯ ಜೊತೆ ನೋವಿನ ಔಷಧಿಯೂ ಬರುವುದಿಲ್ಲ, ವೈದ್ಯರೂ ಬರುವುದಿಲ್ಲ. ಸಹಿ ಹಾಕಿದವನು ಮಾತ್ರ ಬದುಕಿಡೀ ಅದನ್ನು ಹೊತ್ತುಕೊಂಡು ತಿರುಗುತ್ತಾನೆ.

ಈ ಹೊರೆಯನ್ನು ಇಳಿಸಲು ಕಾನೂನು ಒಂದು ದಾರಿ ಮಾಡಿಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿ, ಮುಂಗಡ ವೈದ್ಯಕೀಯ ನಿರ್ದೇಶನ ಪತ್ರಕ್ಕೆ, ಜನ ಕರೆಯುವಂತೆ ಲಿವಿಂಗ್ ವಿಲ್‌ಗೆ, ಮಾನ್ಯತೆ ಕೊಟ್ಟಿತು. ಆದರೆ ಅದಕ್ಕೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಷರತ್ತು ಹಾಕಿದ್ದರಿಂದ ಜನಸಾಮಾನ್ಯರಿಗೆ ಅದು ನಿಲುಕಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯವೇ ಅದನ್ನು ಸಡಿಲಿಸಿತು. ಈಗ ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆಗಲಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನೂ, ತನ್ನ ಪರವಾಗಿ ನಿರ್ಧಾರ ಹೇಳಬೇಕಾದವರು ಯಾರು ಎಂಬುದನ್ನೂ ಅದರಲ್ಲಿ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬಹುದು, ಬುದ್ಧಿ ನೆಟ್ಟಗಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದಾಗ ಅನೇಕರು ಅದನ್ನು ದಯಾಮರಣಕ್ಕೆ ಅನುಮತಿ ಎಂದೇ ಓದಿಕೊಂಡರು. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೆ ನಮ್ಮ ದೇಶದಲ್ಲಿ ಯಾರಿಗೂ ಅನುಮತಿಯಿಲ್ಲ. ಗೌರವದಿಂದ ಸಾಯುವ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಅವರ ಛಲಕ್ಕೆ ತಲೆಬಾಗಿಯೇ ಹೇಳಬೇಕಾದ ಮಾತೆಂದರೆ, ಸುತ್ತೋಲೆ ಅನ್ವಯಿಸುವುದು ಗುಣವಾಗುವ ಆಸೆಯಿಲ್ಲದ, ಜೀವ ಉಳಿಸುವ ಚಿಕಿತ್ಸೆಯ ನೆರವಿನಲ್ಲಿರುವಂಥ, ಸ್ವತಃ ನಿರ್ಧರಿಸಲಾರದ ರೋಗಿಗಳಿಗೆ. ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಮೊದಲ ಮಂಡಳಿ ಅಭಿಪ್ರಾಯ ಕೊಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರಿರುವ ಎರಡನೆಯ ಮಂಡಳಿ ಅದನ್ನು ಒಪ್ಪಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಹೇಳಬೇಕು, ಪತ್ರದಲ್ಲಿ ಹೆಸರಿಸಿದವರು ಒಪ್ಪಬೇಕು, ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಭಿನ್ನಾಭಿಪ್ರಾಯ ಬಂದರೆ ಹೈಕೋರ್ಟಿಗೆ ಹೋಗಬಹುದು. ಪತ್ರ ಬರೆದಿಡದವರ ವಿಷಯದಲ್ಲಿಯೂ ಮನೆಯವರ ಒಪ್ಪಿಗೆಯೊಂದಿಗೆ ಇದೇ ದಾರಿಯಿದೆ. ಆದರೆ ಆಗ ಇಡೀ ಭಾರ ಮನೆಯವರ ಮೇಲೆ ಬೀಳುತ್ತದೆ.

ನಾನು ಮತ್ತು ನನ್ನ ಹೆಂಡತಿ ನಮ್ಮ ಪತ್ರಗಳನ್ನು ಬರೆಯಲು ಕುಳಿತಾಗ ಕಾನೂನಿನ ಭಾಗ ಒಂದು ಸಂಜೆಗೆ ಮುಗಿಯಿತು. ಉಳಿದದ್ದಕ್ಕೆ ತಿಂಗಳುಗಳೇ ಹಿಡಿದವು. ಅವಳು ಹೇಳಿದ್ದು ಇಷ್ಟು: “ಮೂಗಿಗೆ ನಳಿಕೆ ಹಾಕಿ ತಿಂಗಳುಗಟ್ಟಲೆ ಮಲಗಿಸಬೇಡಿ ಅಂತ ಬರೀರಿ. ಆದರೆ ನಾನು ಬಾಯಿ ತೆರೆದಾಗ ನೀರು ಬಿಡೋದನ್ನು ಯಾರೂ ನಿಲ್ಲಿಸಬಾರದು ಅಂತಲೂ ಬರೀರಿ.” ಯಾವ ಮಾದರಿ ನಮೂನೆಯಲ್ಲಿಯೂ ಇಲ್ಲದ ಆ ವಾಕ್ಯವನ್ನು ಹಾಗೆಯೇ ಬರೆದೆವು. ನನ್ನದರಲ್ಲಿ, ನೋವಿಗೆ ಮದ್ದು ಕೊಡುವಾಗ ಮಂಪರು ಹೆಚ್ಚಾಗುತ್ತದೆಂದು ಹಿಂಜರಿಯಬೇಡಿ ಎಂದಿದೆ. ಯಾರ ಹೆಸರು ಬರೆಯುವುದು ಎಂಬಲ್ಲಿಗೆ ಬಂದಾಗ ಮಾತು ಬಿಗಿಯಾಯಿತು. ಮಗ ಕೆನಡಾದಲ್ಲಿದ್ದಾನೆ, ಮಗಳು ಹಾಸನದಲ್ಲಿ ಶಿಕ್ಷಕಿ. ಹತ್ತಿರವಿರುವವಳು, ನಮ್ಮ ದಿನದ ಸ್ಥಿತಿ ಬಲ್ಲವಳು, ಅಳುತ್ತಲೇ ಆದರೂ ಸಾಕು ಎನ್ನಬಲ್ಲವಳು ಅವಳು ಎಂಬ ಕಾರಣಕ್ಕೆ ಅವಳ ಹೆಸರನ್ನು ಮೊದಲು, ನನ್ನ ತಮ್ಮನ ಹೆಸರನ್ನು ನಂತರ ಬರೆದೆವು. ಮಗನಿಗೆ ಫೋನಿನಲ್ಲಿ ಹೇಳಿದಾಗ, “ಅಪ್ಪಾ, ನಾನು ಬರೋದಿಲ್ಲ ಅಂತ ಅಂದ್ಕೊಂಡಿದ್ದೀರಾ?” ಎಂದು ಕೇಳಿದ. ಬರುತ್ತೀಯ, ಬಂದಾಗ ನಿನ್ನ ತಂಗಿಯ ಜೊತೆ ಜಗಳವಾಡುವ ಬದಲು ಅವಳ ಪಕ್ಕದಲ್ಲಿ ನಿಲ್ಲಬೇಕು ಎಂಬುದಕ್ಕೇ ಈಗ ಹೇಳುತ್ತಿದ್ದೇನೆ ಎಂದೆ. ಆ ರಾತ್ರಿ ಅವನು ಹೆಚ್ಚು ಮಾತಾಡಲಿಲ್ಲ. ಮುಂದಿನ ವಾರ ತಾನೇ ಕರೆ ಮಾಡಿ ಪತ್ರದ ಪ್ರತಿಯನ್ನು ಕಳಿಸಿ ಎಂದ. ಹಿರಿಯ ಮಗನೇ ಎಲ್ಲಕ್ಕೂ ಮುಂದೆ ನಿಲ್ಲಬೇಕೆಂಬ ರೂಢಿ ಅಪರಕರ್ಮಕ್ಕೆ ಸರಿಯಿರಬಹುದು. ತುರ್ತು ನಿಗಾ ಘಟಕದ ಬಾಗಿಲಲ್ಲಿ ಬೇಕಾದ ಅರ್ಹತೆ ಬೇರೆ.

ಪತ್ರದ ಪ್ರತಿಗಳು ಮಗಳು, ತಮ್ಮ, ಮಗ ಮತ್ತು ನಮ್ಮನ್ನು ಬಹುಕಾಲದಿಂದ ನೋಡುವ ವೈದ್ಯರ ಬಳಿ ಇವೆ. ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಒಂದು ಪ್ರತಿ ಕೊಡಬೇಕು, ಅದನ್ನು ಕಾಯ್ದಿಡುವವರನ್ನು ಅವರು ಗೊತ್ತುಮಾಡಬೇಕು ಎಂದು ತೀರ್ಪು ಹೇಳುತ್ತದೆ. ನಾನು ಹೋದ ಕಚೇರಿಯಲ್ಲಿ ಇದು ಆಸ್ತಿ ತೆರಿಗೆಗೆ ಸಂಬಂಧಿಸಿದ್ದೋ ಜನನ ಮರಣ ನೋಂದಣಿಗೋ ಎಂಬ ಚರ್ಚೆ ಎರಡು ಮೇಜುಗಳ ನಡುವೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆದು ಬಂದೆ. ನೀವು ಹೋಗುವುದಾದರೆ ತೀರ್ಪಿನ ಆ ಪುಟದ ಪ್ರತಿಯನ್ನೂ ಜೊತೆಗೆ ಒಯ್ಯಿರಿ.

ಇಷ್ಟೆಲ್ಲ ಮಾಡಿದ ಮೇಲೆಯೂ ನಮ್ಮಿಬ್ಬರ ನಡುವೆ ಇತ್ಯರ್ಥವಾಗದ ಒಂದು ವಿಷಯ ಉಳಿದಿದೆ. ನಮ್ಮಲ್ಲಿ ಮೊದಲು ಹಾಸಿಗೆ ಹಿಡಿದವರನ್ನು ಇನ್ನೊಬ್ಬರು ನೋಡಿಕೊಳ್ಳಬಹುದು. ಎರಡನೆಯವರನ್ನು ಯಾರು ನೋಡಿಕೊಳ್ಳಬೇಕು? ಹೆಂಡತಿ ಗಂಡನಿಗಿಂತ ಕಿರಿಯಳಾಗಿರುವ ನಮ್ಮ ಪದ್ಧತಿಯಲ್ಲಿ ಆ ಎರಡನೆಯವರು ಸಾಮಾನ್ಯವಾಗಿ ಹೆಂಗಸೇ ಆಗಿರುತ್ತಾರೆ, ಅವರ ಸರದಿ ಬರುವ ಹೊತ್ತಿಗೆ ಮನೆಯ ಹಣವೂ ಮಕ್ಕಳ ರಜೆಯೂ ಮೊದಲಿನವರಿಗೆ ಖರ್ಚಾಗಿ ಹೋಗಿರುತ್ತದೆ. ಮಗಳ ಮನೆಗೆ ಹೋಗಲು ನನ್ನ ಹೆಂಡತಿಗೆ ಮನಸ್ಸಿಲ್ಲ, ವೃದ್ಧಾಶ್ರಮಕ್ಕೆ ಹೋಗುವುದಕ್ಕೆ ಮಗಳು ಒಪ್ಪುವುದಿಲ್ಲ. ಸದ್ಯಕ್ಕೆ ಮಹಡಿ ಮನೆಯ ಬಾಡಿಗೆಯನ್ನು ಅವಳ ಹೆಸರಿನಲ್ಲಿ, ಮಗಳ ಜೊತೆ ಜಂಟಿಯಾಗಿರುವ ಬೇರೆ ಖಾತೆಗೆ ಹಾಕುತ್ತಿದ್ದೇವೆ. ನನ್ನ ಚಿಕಿತ್ಸೆ ಎಷ್ಟೇ ತುರ್ತಿನದಾದರೂ ಅದರಿಂದ ಒಂದು ರೂಪಾಯಿಯನ್ನೂ ತೆಗೆಯಕೂಡದು ಎಂದು ಮಕ್ಕಳಿಬ್ಬರಿಗೂ ಬರೆದು ತಿಳಿಸಿದ್ದೇನೆ. ಮುಂದಿನ ಬೇಸಿಗೆಯಲ್ಲಿ ಮಗ ಬಂದಾಗ ಹಾಸನದ ಸುತ್ತಮುತ್ತ ಮನೆಗೇ ಬರುವ ನರ್ಸುಗಳ ವ್ಯವಸ್ಥೆ ಏನೇನಿದೆ ಎಂದು ನೋಡಿಕೊಂಡು ಬರುವುದೆಂದು ನಾಲ್ವರೂ ಒಪ್ಪಿದ್ದೇವೆ.